ಕಲಿಕೆಯ ಒಳಬಲ ಮತ್ತು ಹೊರಬಲ

ನಿಂತ ಬಂಡಿ ತಾನಾಗಿ ಚಲಿಸುವುದಿಲ್ಲ. ಅದನ್ನು ಎಳೆಯುವ ಇಲ್ಲವೆ ನೂಕುವ ಬಲವೊಂದು ಬೇಕು. ಭೌತಶಾಸ್ತ್ರದ ಮೊದಲ ಪಾಠಗಳಲ್ಲಿ ಇದೂ ಒಂದು. ವಿದ್ಯಾರ್ಥಿಯೊಬ್ಬನು ಪುಸ್ತಕವನ್ನು ತೆರೆದು ಕುಳಿತಿದ್ದಾನೆಂದರೆ, ಅವನನ್ನು ಅಲ್ಲಿ ಕುಳ್ಳಿರಿಸಿದ ಬಲವೂ ಒಂದು ಇರಲೇಬೇಕು. ಅದು ಹೊರಗಿನಿಂದ ಬಂದುದೋ, ಅವನೊಳಗೇ ಹುಟ್ಟಿದುದೋ? ಈ ಎರಡರಲ್ಲಿ ಯಾವುದು ಹೆಚ್ಚು ಕಾಲ ಬಾಳುತ್ತದೆ? ಒಂದು ಮತ್ತೊಂದನ್ನು ಬೆಳೆಸುವುದೋ, ಕುಂದಿಸುವುದೋ? ಇವು ಮನಶ್ಶಾಸ್ತ್ರಜ್ಞರು ಬಹುಕಾಲದಿಂದ ಪ್ರಯೋಗಗಳ ಮೂಲಕ ಬಿಡಿಸುತ್ತ ಬಂದಿರುವ ಪ್ರಶ್ನೆಗಳು.

ನಮ್ಮ ನಾಡಿನ ವಿದ್ಯಾರ್ಥಿಗಳಿಗೆ ಈ ಪ್ರಶ್ನೆ ಒಮ್ಮೆಲೇ ಎದುರಾದುದು 2020ರಲ್ಲಿ. ಆ ವರ್ಷದ ಮಾರ್ಚಿಯಲ್ಲಿ ಕೋವಿಡ್ ಪಿಡುಗಿನಿಂದಾಗಿ ಶಾಲಾ ಕಾಲೇಜುಗಳ ಬಾಗಿಲು ಮುಚ್ಚಿದವು. ಪಾಠಗಳು ಫೋನಿನ ಪರದೆಯ ಮೇಲೆ ಬಂದವು. ಜುಲೈಯಲ್ಲಿ ದೂರದರ್ಶನದ ಚಂದನ ವಾಹಿನಿ ಪ್ರೌಢಶಾಲೆಯ ಮಕ್ಕಳಿಗೆ ಪಾಠಗಳನ್ನು ಬಿತ್ತರಿಸತೊಡಗಿತು. ಬೆಂಗಳೂರಿನ ಹುಡುಗನಿಗೂ, ಮಹಾರಾಷ್ಟ್ರದ ಗಡಿಗೆ ಸಮೀಪವಿರುವ ಭಾಲ್ಕಿ ತಾಲೂಕಿನ ಸಾಯಗಾಂವದ ಹುಡುಗಿಗೂ ಗಂಟೆ ಬಾರಿಸುವವರಿಲ್ಲ, ಹಾಜರಿ ಕೂಗುವವರಿಲ್ಲ, ಪಕ್ಕದ ಬೆಂಚಿನ ಗೆಳೆಯರೂ ಇಲ್ಲವೆಂಬಂತಾಯಿತು. ಆ ದಿನಗಳು ಕಳೆದುಹೋದರೂ ಆನ್‌ಲೈನ್ ಪಾಠ ಉಳಿದುಕೊಂಡಿದೆ. ಆದುದರಿಂದ ಈ ಪ್ರಶ್ನೆಯೂ ಉಳಿದಿದೆ.

ಎರಡು ಬಗೆಯ ಪ್ರೇರಣೆ

ಒಂದೇ ಪಾಠವನ್ನು ಇಬ್ಬರು ಓದುತ್ತಿದ್ದಾರೆಂದು ಭಾವಿಸೋಣ. ಪಾಠ ಬೆಳಕಿನ ವಕ್ರೀಭವನದ್ದು. ಒಬ್ಬಳು, ನೀರು ತುಂಬಿದ ತಂಬಿಗೆಯಲ್ಲಿ ಬಿದ್ದ ನಾಣ್ಯ ಮೇಲೆದ್ದಂತೆ ತೋರುವುದೇಕೆ ಎಂಬುದನ್ನು ತಿಳಿಯಲೆಂದು ಓದುತ್ತಾಳೆ. ಇನ್ನೊಬ್ಬನು, ಈ ಪಾಠದಿಂದ ಪರೀಕ್ಷೆಯಲ್ಲಿ ಐದು ಅಂಕದ ಪ್ರಶ್ನೆ ಬರುವುದೆಂದು ಓದುತ್ತಾನೆ. ಮೊದಲನೆಯವಳಿಗೆ ಓದಿನ ಫಲ ಓದಿನಲ್ಲೇ ಇದೆ. ಇದು ಅಂತಃಪ್ರೇರಣೆ. ಎರಡನೆಯವನಿಗೆ ಓದಿನ ಫಲ ಓದಿನಾಚೆ ಇದೆ. ಓದು ಅಲ್ಲಿಗೆ ತಲುಪಿಸುವ ಏಣಿ ಮಾತ್ರ. ಇದು ಬಾಹ್ಯ ಪ್ರೇರಣೆ. ಅಂಕ, ಬಹುಮಾನ, ನೌಕರಿ, ಹೊಗಳಿಕೆ, ತಂದೆಯ ಕೋಪ, ನೆರೆಯವರ ಮಾತು ಇವೆಲ್ಲ ಬಾಹ್ಯ ಪ್ರೇರಣೆಯ ನಾನಾ ರೂಪಗಳು.

ಆದರೆ ಈ ಎರಡರ ನಡುವೆ ಗೋಡೆಯಿದೆಯೆಂದು ಎಣಿಸಬಾರದು. ವೈದ್ಯಳಾಗಿ ತನ್ನ ಊರಿನಲ್ಲಿ ಸೇವೆ ಮಾಡಬೇಕೆಂದು ಬಯಸುವ ಹುಡುಗಿಗೆ ರಸಾಯನಶಾಸ್ತ್ರದ ಸೂತ್ರಗಳು ಸ್ವಾರಸ್ಯವಾಗಿ ತೋರದೆ ಇರಬಹುದು. ಆದರೂ ಅವಳು ಮನಸ್ಸಿಟ್ಟು ಓದುತ್ತಾಳೆ. ಅವಳ ಗುರಿ ಓದಿನ ಹೊರಗಿದೆ, ನಿಜ. ಆದರೆ ಆ ಗುರಿಯನ್ನು ಆರಿಸಿಕೊಂಡವಳು ಅವಳೇ. ಅಮೆರಿಕದ ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಎಂಬ ಮನಶ್ಶಾಸ್ತ್ರಜ್ಞರು 1985ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಬಾಹ್ಯ ಪ್ರೇರಣೆಯಲ್ಲಿಯೇ ಮೆಟ್ಟಿಲುಗಳಿವೆಯೆಂದು ತೋರಿಸಿದರು. ಕೆಳಗಿನ ಮೆಟ್ಟಿಲಲ್ಲಿ ಬರಿಯ ಬೆದರಿಕೆ ಮತ್ತು ಆಮಿಷ. ಮೇಲಿನದರಲ್ಲಿ ತಾನೇ ಒಪ್ಪಿ ತನ್ನದಾಗಿಸಿಕೊಂಡ ಮೌಲ್ಯ. ಈ ಮೇಲಿನ ಮೆಟ್ಟಿಲಿನ ಪ್ರೇರಣೆ ಅಂತಃಪ್ರೇರಣೆಗೆ ಬಹಳ ಹತ್ತಿರದ್ದು.

ಆಸರೆ ತೆಗೆದಾಗ

ತರಗತಿಯ ಕೋಣೆಯೆಂಬುದು ಬಾಹ್ಯ ಬಲಗಳ ಒಂದು ವ್ಯೂಹ. ವೇಳಾಪಟ್ಟಿ ನಮ್ಮ ಸಮಯವನ್ನು ಹಿಡಿದಿಡುತ್ತದೆ, ಅಧ್ಯಾಪಕರ ಕಣ್ಣು ನಮ್ಮ ಗಮನವನ್ನು ಹಿಡಿದಿಡುತ್ತದೆ, ನಾಲ್ವತ್ತು ಮಂದಿ ಒಟ್ಟಿಗೆ ಬರೆಯುವಾಗ ನಮ್ಮ ಕೈಯೂ ಬರೆಯುತ್ತದೆ. ಆನ್‌ಲೈನ್ ಪಾಠದಲ್ಲಿ ಇವುಗಳಲ್ಲಿ ಹೆಚ್ಚಿನವು ಇಲ್ಲವಾಗುತ್ತವೆ. ಗಾಳಿಯನ್ನು ತೆಗೆದ ಕೊಳವೆಯಲ್ಲಿ ಗರಿಯೂ ನಾಣ್ಯವೂ ಒಟ್ಟಿಗೆ ಬೀಳುವುದನ್ನು ಕಂಡು ಗುರುತ್ವದ ನಿಜರೂಪವನ್ನು ಅರಿಯುತ್ತೇವಷ್ಟೆ. ಅಂತೆಯೇ, ಹೊರಗಿನ ಆಸರೆಗಳನ್ನು ತೆಗೆದಾಗ ಒಳಗಿನ ಬಲ ಎಷ್ಟೆಂಬುದು ತೋರಿಬರುತ್ತದೆ.

ಇದಕ್ಕೆ ಕೆಲವು ಅಂಕಿಗಳನ್ನು ನೋಡಬಹುದು. ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯು 2012ರ ಮಾರ್ಚಿಯಲ್ಲಿ ವಿದ್ಯುನ್ಮಂಡಲಗಳನ್ನು ಕುರಿತ ಪಾಠಕ್ರಮವೊಂದನ್ನು ಲೋಕಕ್ಕೆಲ್ಲ ಉಚಿತವಾಗಿ ತೆರೆಯಿತು. ಹೆಸರು ನೋಂದಾಯಿಸಿದವರು ಸುಮಾರು 1,55,000 ಮಂದಿ. ಕೊನೆಗೆ ತೇರ್ಗಡೆಯಾದವರು 7,157. ಎಂದರೆ ನೂರಕ್ಕೆ ಐವರೂ ಇಲ್ಲ. ಆ ಸಂಸ್ಥೆಯದೂ ಹಾರ್ವರ್ಡ್ ವಿಶ್ವವಿದ್ಯಾನಿಲಯದ್ದೂ ಆದ ಇಂತಹ ಪಾಠಗಳನ್ನು ಪರಿಶೀಲಿಸಿ 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 2017-18ರ ಸಾಲಿನಲ್ಲಿ ಪಾಠವನ್ನು ಮುಗಿಸಿದವರು ನೂರಕ್ಕೆ ಸುಮಾರು 3 ಮಂದಿಯೆಂದು ಕಂಡುಬಂದಿತು. ಶುಲ್ಕ ತೆತ್ತು ಪ್ರಮಾಣಪತ್ರಕ್ಕೆ ಹೆಸರು ಕೊಟ್ಟವರಲ್ಲಿ ಮಾತ್ರ ಈ ಪ್ರಮಾಣ ನೂರಕ್ಕೆ 46ರಷ್ಟಿತ್ತು. ನಮ್ಮ ದೇಶದಲ್ಲಿ 2017ರಲ್ಲಿ ಆರಂಭವಾದ ‘ಸ್ವಯಂ’ ಯೋಜನೆಯೂ ಇಂಥದೇ. ಅಲ್ಲಿ ಪಾಠ ಉಚಿತ. ಪ್ರಮಾಣಪತ್ರ ಬೇಕಾದವರು ಶುಲ್ಕ ಕಟ್ಟಿ ಪರೀಕ್ಷೆ ಬರೆಯಬೇಕು.

ಹಾಗಾದರೆ ಹಣ ಕಟ್ಟಿಸಿದರೆ ಎಲ್ಲರೂ ಓದುವರೆ? ಇಲ್ಲಿ ವಿಜ್ಞಾನದ ವಿದ್ಯಾರ್ಥಿ ಎಚ್ಚರದಿಂದಿರಬೇಕು. ಶುಲ್ಕ ಕಟ್ಟಿದವರು ಮೊದಲೇ ದೃಢಸಂಕಲ್ಪದಿಂದ ಬಂದವರಾಗಿರಬಹುದು. ಉಳಿದವರಲ್ಲಿ ಹಲವರು ಒಂದೆರಡು ಪಾಠಗಳನ್ನು ನೋಡಿ ಹೋಗಲೆಂದೇ ಬಂದಿರಬಹುದು. ಎರಡು ಸಂಗತಿಗಳು ಜೊತೆಯಾಗಿ ಕಂಡ ಮಾತ್ರಕ್ಕೆ ಒಂದು ಮತ್ತೊಂದರ ಕಾರಣವೆಂದು ಹೇಳಲಾಗದು.

ಇನ್ನೂ ಒಂದು ಎಚ್ಚರ ಅಗತ್ಯ. ಮನೆಗೆ ಒಂದೇ ಫೋನು, ಅದೂ ಹೊಲಕ್ಕೆ ಹೋದ ತಂದೆಯ ಜೇಬಿನಲ್ಲಿದ್ದರೆ, ಮಗಳು ಪಾಠವನ್ನು ನೋಡದಿರುವುದಕ್ಕೆ ಪ್ರೇರಣೆಯ ಕೊರತೆಯೆಂದು ಹೆಸರಿಡುವುದು ಅನ್ಯಾಯ. ಬಲವೆಷ್ಟಿದ್ದರೂ ಕಟ್ಟಿಹಾಕಿದ ಬಂಡಿ ಚಲಿಸದು. 2020ರ ಆಗಸ್ಟಿನಲ್ಲಿ ಕರ್ನಾಟಕ ಸರಕಾರವು ಆರಂಭಿಸಿದ ‘ವಿದ್ಯಾಗಮ’ ಯೋಜನೆಯಲ್ಲಿ ಅಧ್ಯಾಪಕರೇ ಮಕ್ಕಳಿದ್ದಲ್ಲಿಗೆ ಹೋಗಿ ಗುಡಿಯ ಅಂಗಳದಲ್ಲಿ, ಮರದ ನೆರಳಿನಲ್ಲಿ ಪಾಠ ಹೇಳಿದುದು ಈ ಕಾರಣದಿಂದಲೇ. ಮೊದಲು ಸೌಕರ್ಯ, ಆಮೇಲೆ ಪ್ರೇರಣೆಯ ವಿಚಾರ.

ಪ್ರಯೋಗಗಳು ಹೇಳುವುದೇನು?

ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದಲ್ಲಿ ಹ್ಯಾರಿ ಹಾರ್ಲೋ ಎಂಬ ವಿಜ್ಞಾನಿ ಕೋತಿಗಳ ಕಲಿಕೆಯನ್ನು ಅಭ್ಯಸಿಸುತ್ತಿದ್ದನು. ಅವನು 1950ರಲ್ಲಿ ತನ್ನ ಸಹೋದ್ಯೋಗಿಗಳೊಡನೆ ಪ್ರಕಟಿಸಿದ ಪ್ರಯೋಗವೊಂದು ಸ್ವಾರಸ್ಯವಾದುದು. ಕೊಂಡಿ, ಚಿಲಕ, ಮೊಳೆಗಳನ್ನು ಕ್ರಮವಾಗಿ ತೆಗೆದರೆ ಮಾತ್ರ ಬಿಚ್ಚಿಕೊಳ್ಳುವ ಒಂದು ಯಂತ್ರವನ್ನು ಕೋತಿಗಳ ಬೋನಿನಲ್ಲಿ ಇಡಲಾಯಿತು. ಅದನ್ನು ಬಿಚ್ಚಿದರೆ ಆಹಾರವೇನೂ ದೊರೆಯುತ್ತಿರಲಿಲ್ಲ. ಆದರೂ ಕೋತಿಗಳು ಕೆಲವೇ ದಿನಗಳಲ್ಲಿ ಅದನ್ನು ಬಿಚ್ಚಲು ಕಲಿತವು. ಮತ್ತೆ ಮತ್ತೆ ಬಿಚ್ಚಿದವು. ಬಳಿಕ ಬಹುಮಾನವಾಗಿ ಆಹಾರವನ್ನು ಸೇರಿಸಿದಾಗ ಅವುಗಳ ಕೆಲಸ ಸುಧಾರಿಸಲಿಲ್ಲ, ತಪ್ಪುಗಳೇ ಹೆಚ್ಚಿದವು. ಹಸಿವು ಬಾಯಾರಿಕೆಗಳಂತೆ ಕುತೂಹಲವೂ ಒಂದು ಸ್ವತಂತ್ರ ಪ್ರೇರಣೆಯೆಂಬ ವಿಚಾರಕ್ಕೆ ಇದು ಆಧಾರವಾಯಿತು.

ಮನುಷ್ಯರ ಮೇಲಿನ ಹೆಸರಾಂತ ಪ್ರಯೋಗ ಎಡ್ವರ್ಡ್ ಡೆಸಿಯದು. ಅದು 1971ರಲ್ಲಿ ಪ್ರಕಟವಾಯಿತು. ಏಳು ಮರದ ತುಂಡುಗಳನ್ನು ಜೋಡಿಸಿ ನಾನಾ ಆಕಾರಗಳನ್ನು ಮಾಡುವ ‘ಸೋಮ’ ಎಂಬ ಒಗಟನ್ನು ಅವನು ಕಾಲೇಜು ವಿದ್ಯಾರ್ಥಿಗಳಿಗೆ ಕೊಟ್ಟನು. ಹನ್ನೆರಡು ಮಂದಿಯ ಎರಡು ಗುಂಪುಗಳು. ಮೂರು ದಿನದ ಕೂಟ. ಪ್ರತಿ ಕೂಟದ ನಡುವೆ ಎಂಟು ನಿಮಿಷ ವಿದ್ಯಾರ್ಥಿಯನ್ನು ಒಬ್ಬನನ್ನೇ ಬಿಟ್ಟು ಹೋಗುತ್ತಿದ್ದರು. ಆಗ ಅವನು ಪತ್ರಿಕೆಗಳನ್ನು ತಿರುವಿಹಾಕಬಹುದು, ಸುಮ್ಮನೆ ಕುಳಿತಿರಬಹುದು, ಇಲ್ಲವೆ ಒಗಟನ್ನು ಬಿಡಿಸುತ್ತಿರಬಹುದು. ಮರೆಯಲ್ಲಿ ನಿಂತು ಅಳೆದುದು ಈ ಬಿಡುವಿನ ವೇಳೆಯನ್ನೇ. ಎರಡನೆಯ ದಿನ ಒಂದು ಗುಂಪಿಗೆ ಮಾತ್ರ ಒಗಟಿಗೆ ಒಂದು ಡಾಲರಿನಂತೆ ಹಣ ಕೊಟ್ಟರು. ಮೂರನೆಯ ದಿನ ನಿಲ್ಲಿಸಿದರು. ಹಣ ಪಡೆದ ಗುಂಪು ಬಿಡುವಿನಲ್ಲಿ ಒಗಟಿನೊಡನೆ ಕಳೆದ ಸರಾಸರಿ ಕಾಲ ಮೊದಲ ದಿನ 248 ಸೆಕೆಂಡು, ಎರಡನೆಯ ದಿನ 314, ಮೂರನೆಯ ದಿನ 198. ಹಣವನ್ನೇ ಕಾಣದ ಗುಂಪಿನದು 214, 206, 242. ಹಣ ಬಂದಾಗ ಆಸಕ್ತಿ ಏರಿತು. ಹಣ ನಿಂತಾಗ ಮೊದಲಿದ್ದುದಕ್ಕಿಂತಲೂ ಕೆಳಗಿಳಿಯಿತು.

ಹನ್ನೆರಡು ಮಂದಿಯ ಗುಂಪು ಚಿಕ್ಕದು. ಅದೊಂದರಿಂದಲೇ ಸಿದ್ಧಾಂತ ಕಟ್ಟಲಾಗದು. ಆದರೆ 1973ರಲ್ಲಿ ಮಾರ್ಕ್ ಲೆಪ್ಪರ್ ಮತ್ತು ಅವನ ಸಂಗಡಿಗರು ಶಿಶುವಿಹಾರದ ಮಕ್ಕಳಲ್ಲಿಯೂ ಇದನ್ನೇ ಕಂಡರು. ಬಣ್ಣದ ಪೆನ್ನುಗಳಿಂದ ಚಿತ್ರ ಬರೆಯುವುದು ಈ ಮಕ್ಕಳಿಗೆ ತಾನಾಗಿ ಪ್ರಿಯವಾದ ಆಟ. ಬರೆದರೆ ಬಹುಮಾನ ಪತ್ರ ಕೊಡುವೆವೆಂದು ಕೆಲವರಿಗೆ ಮುಂಚಿತವಾಗಿ ಹೇಳಿದರು. ಕೆಲವರಿಗೆ ಹೇಳದೆ ಕೊನೆಯಲ್ಲಿ ಕೊಟ್ಟರು. ಉಳಿದವರಿಗೆ ಏನನ್ನೂ ಕೊಡಲಿಲ್ಲ. ಒಂದೆರಡು ವಾರಗಳ ಅನಂತರ ನೋಡಿದಾಗ, ಬಹುಮಾನಕ್ಕಾಗಿ ಬರೆದ ಮಕ್ಕಳು ಬಿಡುವಿನ ಆಟದಲ್ಲಿ ಚಿತ್ರಕ್ಕೆ ಕೊಟ್ಟ ಕಾಲ ಉಳಿದ ಮಕ್ಕಳದರ ಅರ್ಧದಷ್ಟು ಮಾತ್ರ. ಅನಿರೀಕ್ಷಿತವಾಗಿ ಬಹುಮಾನ ಪಡೆದವರಲ್ಲಿ ಆಸಕ್ತಿ ಕುಂದಿರಲಿಲ್ಲ. ಕೆಡುಕು ಬಹುಮಾನದಲ್ಲಿ ಇರಲಿಲ್ಲ, ಬಹುಮಾನಕ್ಕಾಗಿಯೇ ಮಾಡುತ್ತಿದ್ದೇನೆಂಬ ಭಾವನೆಯಲ್ಲಿ ಇದ್ದಿತೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಬಹುಮಾನ ಬೇಡವೆ?

ಇದನ್ನು ಓದಿ, ಅಂಕಗಳನ್ನೂ ಪರೀಕ್ಷೆಗಳನ್ನೂ ತೆಗೆದುಹಾಕಿದರೆ ಎಲ್ಲವೂ ಸರಿಹೋಗುವುದೆಂದು ಆತುರಪಡಬಾರದು. ವಿಜ್ಞಾನಿಗಳಲ್ಲಿಯೇ ಈ ಕುರಿತು ತೀವ್ರ ವಾದವಿವಾದ ನಡೆದಿದೆ. 1994ರಲ್ಲಿ ಕ್ಯಾಮರಾನ್ ಮತ್ತು ಪಿಯರ್ಸ್ ಎಂಬವರು ಹಿಂದಿನ 96 ಅಧ್ಯಯನಗಳನ್ನು ಒಟ್ಟಿಗೆ ತೂಗಿ, ಬಹುಮಾನದಿಂದ ಒಟ್ಟಿನಲ್ಲಿ ಅಂಥ ಹಾನಿಯಿಲ್ಲವೆಂದರು. 1999ರಲ್ಲಿ ಡೆಸಿ ಮತ್ತು ಸಂಗಡಿಗರು 128 ಅಧ್ಯಯನಗಳನ್ನು ತೂಗಿ, ಮೊದಲೇ ಸ್ವಾರಸ್ಯವಿದ್ದ ಕೆಲಸಕ್ಕೆ ಷರತ್ತಿನ ಬಹುಮಾನ ಒಡ್ಡಿದರೆ ಹಾನಿಯುಂಟೆಂದು ಉತ್ತರಿಸಿದರು. ಆದರೆ ಕೆಲವು ಅಂಶಗಳಲ್ಲಿ ಉಭಯಪಕ್ಷಗಳೂ ಹತ್ತಿರ ಬರುತ್ತವೆ. ಕೆಲಸದಲ್ಲಿ ಮೊದಲಿನಿಂದಲೂ ಆಸಕ್ತಿಯಿಲ್ಲದಿದ್ದರೆ ಬಹುಮಾನದಿಂದ ಕೆಡುವಂಥದೇನೂ ಇಲ್ಲ. ‘ನೀನು ಈ ಲೆಕ್ಕವನ್ನು ಬಿಡಿಸಿದ ರೀತಿ ಚೆನ್ನಾಗಿದೆ’ ಎಂಬ ನಿಜವಾದ ಮೆಚ್ಚುಗೆ ಆಸಕ್ತಿಯನ್ನು ಬೆಳೆಸುತ್ತದೆ. 2014ರಲ್ಲಿ ಪ್ರಕಟವಾದ, ನಾಲ್ವತ್ತು ವರ್ಷಗಳ ಅಧ್ಯಯನಗಳ ಇನ್ನೊಂದು ತುಲನೆಯ ಪ್ರಕಾರ, ಕೆಲಸದ ಪ್ರಮಾಣವನ್ನು ಹೆಚ್ಚಿಸುವುದರಲ್ಲಿ ಬಾಹ್ಯ ಆಮಿಷದ ಪಾತ್ರ ದೊಡ್ಡದು. ಗುಣವನ್ನು ಹೆಚ್ಚಿಸುವುದರಲ್ಲಿ ಅಂತಃಪ್ರೇರಣೆಯದು ದೊಡ್ಡದು.

ಪಂಚಮಿಯ ಜೋಕಾಲಿಯನ್ನು ನೆನೆದರೆ ಈ ವ್ಯತ್ಯಾಸ ಸುಲಭವಾಗಿ ತಿಳಿಯುತ್ತದೆ. ನಾಲ್ಕು ಮೀಟರ್ ಉದ್ದದ ಹಗ್ಗದ ಜೋಕಾಲಿ ಒಮ್ಮೆ ಹೋಗಿ ಬರಲು ಸುಮಾರು 4 ಸೆಕೆಂಡು ತೆಗೆದುಕೊಳ್ಳುತ್ತದೆ. ಅದು ಅದರ ಸ್ವಾಭಾವಿಕ ಲಯ. ಆ ಲಯವನ್ನು ಅರಿತು, ಜೋಕಾಲಿ ಹಿಂದಕ್ಕೆ ಬಂದು ಮುಂದಕ್ಕೆ ಹೊರಡುವಾಗ ಮೆಲ್ಲಗೆ ನೂಕಿದರೂ ಸಾಕು, ಅದು ಏರುತ್ತ ಹೋಗುತ್ತದೆ. ಲಯವನ್ನು ಲೆಕ್ಕಿಸದೆ, ಎದುರು ಬರುವಾಗ ನೂಕಿದರೆ, ಎಷ್ಟು ಬಲ ಹಾಕಿದರೂ ಜೋಕಾಲಿ ನಿಲ್ಲುತ್ತದೆ, ಕೈಯೂ ನೋಯುತ್ತದೆ. ಪರೀಕ್ಷೆ ಮತ್ತು ಬಹುಮಾನಗಳು ಹೊರಗಿನ ನೂಕುಗಳು. ‘ನೀನು ಇಷ್ಟು ಕಲಿತಿದ್ದೀಯೆ, ಇಲ್ಲಿ ಎಡವಿದ್ದೀಯೆ’ ಎಂದು ತಿಳಿಸುವ ಪರೀಕ್ಷೆ ಲಯಕ್ಕೆ ಸರಿಯಾದ ನೂಕು. ‘ಇಷ್ಟು ಅಂಕ ಬಾರದಿದ್ದರೆ ನೋಡು’ ಎಂದು ಹೆದರಿಸುವ ಪರೀಕ್ಷೆ ಎದುರು ನೂಕು. ಮನುಷ್ಯನ ಮನಸ್ಸು ಜೋಕಾಲಿಯಷ್ಟು ಸರಳವಲ್ಲ. ಉಪಮಾನವನ್ನು ಇಲ್ಲಿಗೇ ನಿಲ್ಲಿಸುವುದು ಒಳ್ಳೆಯದು.

ಬಾಹ್ಯ ಬಲವನ್ನೇ ನೆಚ್ಚಿದವನಿಗೆ ಒಂದು ಅಪಾಯ ತಪ್ಪಿದ್ದಲ್ಲ. ಆ ಬಲ ಅವನ ಕೈಯಲ್ಲಿಲ್ಲ. ಅದು ಯಾವಾಗ ಬೇಕಾದರೂ ಹಿಂತೆಗೆಯಲ್ಪಡಬಹುದು. 2021ರಲ್ಲಿ ಕರ್ನಾಟಕದ ದ್ವಿತೀಯ ಪಿ.ಯು.ಸಿ. ವಾರ್ಷಿಕ ಪರೀಕ್ಷೆ ರದ್ದಾಯಿತು. ಎಸ್.ಎಸ್.ಎಲ್.ಸಿ. ಪರೀಕ್ಷೆ ಜುಲೈ 19 ಮತ್ತು 22ರಂದು ಎರಡೇ ದಿನಗಳಲ್ಲಿ, ಸರಿಯುತ್ತರವನ್ನು ಆರಿಸುವ ಬಗೆಯಲ್ಲಿ ನಡೆಯಿತು. ಆ ಸಂದರ್ಭದಲ್ಲಿ ಅದು ಅನಿವಾರ್ಯವಾದ ಕ್ರಮ. ಆದರೆ ಪರೀಕ್ಷೆಗಾಗಿ ಮಾತ್ರ ಓದುತ್ತಿದ್ದವರಿಗೆ ಆ ದಿನ ಓದುವ ಕಾರಣವೇ ಇಲ್ಲವಾಯಿತು. ಅವರು ಮುಂದಿನ ತರಗತಿಗೆ ಹೋದರು. ಕಲಿಯದೆ ಬಿಟ್ಟ ಕಲನಶಾಸ್ತ್ರವೂ ಅವರ ಹಿಂದೆಯೇ ಹೋಗಿ ಪದವಿ ತರಗತಿಯ ಬಾಗಿಲಲ್ಲಿ ನಿಂತಿತು.

ಭಾಲ್ಕಿಯ ಒಂದು ಪಾಠ

ಹೊರಗಿನ ಫಲ ಏನೂ ಇಲ್ಲದಿರುವಾಗಲೂ ಜನ ಕಲಿಯಬಲ್ಲರೆಂಬುದಕ್ಕೆ ಸಾಯಗಾಂವದ ವಿದ್ಯಾರ್ಥಿ ಉದಾಹರಣೆಯನ್ನು ದೂರ ಹುಡುಕಬೇಕಾಗಿಲ್ಲ. ತನ್ನ ತಾಲೂಕಿನಲ್ಲಿಯೇ ಅದು ದೊರೆಯುತ್ತದೆ. ಬೀದರ ಜಿಲ್ಲೆ 1948ರ ಸೆಪ್ಟೆಂಬರಿನವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಆಡಳಿತದ ಭಾಷೆ ಉರ್ದು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯದ ಬೋಧನೆಯೂ ಉರ್ದುವಿನಲ್ಲಿಯೇ. ಸರಕಾರಿ ನೌಕರಿ ಬೇಕಾದವನು ಉರ್ದು ಕಲಿಯಬೇಕು. ಕನ್ನಡ ಕಲಿತವನಿಗೆ ಅದರಿಂದ ಹುದ್ದೆಯೂ ಇಲ್ಲ, ಮನ್ನಣೆಯೂ ಇಲ್ಲ. ಅಂತಹ ಕಾಲದಲ್ಲಿ ಭಾಲ್ಕಿಯ ಹಿರೇಮಠ ಸಂಸ್ಥಾನದ ಡಾ. ಚನ್ನಬಸವ ಪಟ್ಟದ್ದೇವರು ಮಕ್ಕಳನ್ನು ಕೂಡಿಸಿ ಕನ್ನಡ ಕಲಿಸಿದರು. ಶಾಲೆಯ ಹೊರಗೆ ಉರ್ದು ಫಲಕ, ಒಳಗೆ ಕನ್ನಡ ಪಾಠ ಎಂದು ಈ ಭಾಗದ ಜನ ಅದನ್ನು ಇಂದಿಗೂ ಸ್ಮರಿಸುತ್ತಾರೆ. ಬೀದರ ಮೈಸೂರು ರಾಜ್ಯಕ್ಕೆ ಸೇರಿ ಕನ್ನಡಕ್ಕೆ ಇಲ್ಲಿ ರಾಜ್ಯದ ಆಸರೆ ದೊರೆತುದು 1956ರ ನವೆಂಬರ್ 1ರಂದು.

ಉರ್ದು, ಮರಾಠಿಗಳು ಈ ನೆಲಕ್ಕೆ ಪರಕೀಯವಲ್ಲ. ಇಲ್ಲಿ ವಿಚಾರ ಭಾಷೆಯ ಮೇಲುಕೀಳಿನದಲ್ಲ, ಕಲಿಕೆಯ ಬಲದ್ದು. ಆ ಮಕ್ಕಳಿಗೆ ಅಕ್ಷರ ತಿದ್ದುವುದು ಪ್ರತಿದಿನವೂ ಆಟದಂತೆ ಸುಖವಾಗಿತ್ತೆಂದು ಹೇಳಲಾಗದು. ಅವರನ್ನು ನಡೆಸಿದುದು ಎರಡು ಸಂಗತಿಗಳು: ಇದು ನಮಗೆ ಬೇಕಾದುದೆಂಬ ಒಪ್ಪಿಗೆ, ಮತ್ತು ಜೊತೆಯಲ್ಲಿ ಕಲಿಯುವವರ, ಕಲಿಸುವವರ ನಂಟು. ಮೇಲೆ ಹೇಳಿದ ‘ತನ್ನದಾಗಿಸಿಕೊಂಡ ಮೌಲ್ಯ’ಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಆನ್‌ಲೈನ್ ಪಾಠದಲ್ಲಿ ಒಳಬಲವನ್ನು ಬೆಳೆಸುವ ಬಗೆ

ಅಂತಃಪ್ರೇರಣೆ ಬೆಳೆಯಲು ಮೂರು ಅಗತ್ಯಗಳು ಪೂರೈಸಬೇಕೆಂದು ಡೆಸಿ ಮತ್ತು ರಯಾನ್ ಹೇಳುತ್ತಾರೆ. ಅವು ಸ್ವಾಯತ್ತತೆ, ಸಾಮರ್ಥ್ಯದ ಅನುಭವ ಮತ್ತು ಬಾಂಧವ್ಯ.

ಸ್ವಾಯತ್ತತೆ ಎಂದರೆ ಇದನ್ನು ನಾನೇ ಆರಿಸಿಕೊಂಡೆನೆಂಬ ಭಾವ. ಈ ಅಂಶದಲ್ಲಿ ಆನ್‌ಲೈನ್ ಪಾಠಕ್ಕೆ ಒಂದು ಅನುಕೂಲವೇ ಇದೆ. ಮನೆಯಲ್ಲಿ ಮರಾಠಿ ಅಥವಾ ಕನ್ನಡ ಆಡಿ, ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಇಂಗ್ಲಿಷಿನಲ್ಲಿ ಕೇಳುವ ಗಡಿನಾಡಿನ ವಿದ್ಯಾರ್ಥಿ ಮುದ್ರಿತ ಪಾಠವನ್ನು ಎಲ್ಲಿ ಬೇಕಾದರೂ ನಿಲ್ಲಿಸಬಹುದು, ಹತ್ತು ಸಲ ಕೇಳಬಹುದು. ಆದರೆ ಪಾಠ ತಾನಾಗಿ ಓಡುವಂತೆ ಬಿಟ್ಟು ಸುಮ್ಮನೆ ನೋಡುತ್ತಿದ್ದರೆ ಈ ಅನುಕೂಲ ವ್ಯರ್ಥ. ಪಾಠ ತೆರೆಯುವ ಮೊದಲು ಒಂದು ಕಾಗದದ ಮೇಲೆ, ‘ಈ ಪಾಠದಿಂದ ನಾನು ತಿಳಿಯಬೇಕಾದ ಪ್ರಶ್ನೆ ಯಾವುದು?’ ಎಂದು ಬರೆದುಕೊಳ್ಳಬೇಕು.

ಸಾಮರ್ಥ್ಯದ ಅನುಭವ ಎಂದರೆ ಮೊನ್ನೆ ಆಗದಿದ್ದುದು ಇಂದು ಆಗುತ್ತಿದೆಯೆಂಬ ಅರಿವು. ಇದಕ್ಕೆ ಕೈಯಿಂದ ಮಾಡಿ ನೋಡುವುದೇ ಉತ್ತಮ ಉಪಾಯ. ಲೋಲಕದ ಪಾಠವನ್ನೇ ತೆಗೆದುಕೊಳ್ಳಿ. ದಾರಕ್ಕೆ ಒಂದು ಚಿಕ್ಕ ಕಲ್ಲನ್ನು ಕಟ್ಟಿ, ಗಿಲೀಟಿನ ಮೊಳೆಯಿಂದಲೋ ಕಿಟಕಿಯ ಸರಳಿನಿಂದಲೋ ತೂಗಬಿಡಿ. ಮೊಳೆಯಿಂದ ಕಲ್ಲಿನ ನಡುವಿನವರೆಗೆ 1 ಮೀಟರ್ ಇರಲಿ. ಸ್ವಲ್ಪ ಸರಿಸಿ ಬಿಟ್ಟು 20 ತೂಗುಗಳನ್ನು ಎಣಿಸಿರಿ. ಸುಮಾರು 40 ಸೆಕೆಂಡು ಆಗುತ್ತದೆ. ಇನ್ನು, ಇದು 20 ಸೆಕೆಂಡಿಗೆ ಇಳಿಯಬೇಕಾದರೆ ದಾರ ಎಷ್ಟು ಉದ್ದವಿರಬೇಕು? ಉತ್ತರವನ್ನು ಮೊದಲು ಬರೆದಿಡಿ. ಅರ್ಧ ಮೀಟರ್ ಎಂದು ಬರೆದವರು ಅಳೆದು ನೋಡಲಿ. ಸುಮಾರು 28 ಸೆಕೆಂಡು ಬರುತ್ತದೆ. 25 ಸೆಂಟಿಮೀಟರಿಗೆ ಇಳಿಸಿದಾಗಲೇ 20 ಸೆಕೆಂಡು. ‘ಅರೆ, ಇದೇಕೆ ಹೀಗೆ?’ ಎಂಬ ಪ್ರಶ್ನೆ ಈಗ ತಾನಾಗಿ ಏಳುತ್ತದೆ. ಕಾಲವು ಉದ್ದದ ವರ್ಗಮೂಲಕ್ಕೆ ಅನುಗುಣವಾಗಿರುತ್ತದೆಂಬ ಸೂತ್ರವನ್ನು ಈಗ ಪಾಠದಲ್ಲಿ ಕೇಳಿದರೆ, ಅದು ಪರೀಕ್ಷೆಗೆ ಬೇಕಾದ ವಾಕ್ಯವಾಗಿ ಕಿವಿಗೆ ಬೀಳದೆ, ನಿಮ್ಮದೇ ಪ್ರಶ್ನೆಗೆ ಉತ್ತರವಾಗಿ ಬೀಳುತ್ತದೆ. ಅಂತಃಪ್ರೇರಣೆ ಕೆಲವರಿಗೆ ಮಾತ್ರ ಹುಟ್ಟಿನಿಂದ ಬಂದ ವರವಲ್ಲ. ಎಣಿಕೆಗೂ ಕಂಡುದಕ್ಕೂ ನಡುವೆ ತೆರವು ಬಿದ್ದಲ್ಲಿ ಅದು ಹುಟ್ಟುತ್ತದೆ.

ಬಾಂಧವ್ಯ ಮೂರನೆಯದು. ಒಬ್ಬರೇ ಕುಳಿತು ನೋಡಿದ ಪಾಠವನ್ನು ಅದೇ ದಿನ ಸಂಜೆ ಗೆಳೆಯನಿಗೋ ತಂಗಿಗೋ ವಿವರಿಸಿ ಹೇಳುವುದು ಒಳ್ಳೆಯ ಅಭ್ಯಾಸ. ಊರಿನ ಮೂವರು ನಾಲ್ವರು ಕೂಡಿ ಒಂದೇ ಫೋನಿನಲ್ಲಿ ಪಾಠ ನೋಡಿ, ನಡುವೆ ನಿಲ್ಲಿಸಿ ಚರ್ಚಿಸಿದರೆ ಫೋನಿನ ಕೊರತೆಯೂ ನೀಗುತ್ತದೆ, ಒಂಟಿತನವೂ ನೀಗುತ್ತದೆ. ತಿಳಿಯದಿದ್ದುದನ್ನು ಅಧ್ಯಾಪಕರಿಗೆ ಬರೆದು ಕೇಳಲು ಸಂಕೋಚಪಡಬಾರದು. ಪ್ರಶ್ನೆ ಬಾರದ ಪಾಠವನ್ನು ಹೇಳುವುದು ಅಧ್ಯಾಪಕರಿಗೂ ಕಷ್ಟ.

ಇವೆಲ್ಲದರ ಜೊತೆಗೆ ಹೊರಗಿನ ಆಸರೆಗಳನ್ನೂ ಬೇಕಾದಷ್ಟು ಬಳಸಬಹುದು. ಪ್ರತಿದಿನ ಒಂದೇ ಹೊತ್ತಿಗೆ ಕುಳಿತುಕೊಳ್ಳುವುದು, ಫೋನಿನ ಬೇರೆ ಕರೆಗಳನ್ನು ಆ ಹೊತ್ತಿಗೆ ಮುಚ್ಚಿಡುವುದು, ವಾರದ ಕೊನೆಗೆ ತಾನೇ ಒಂದು ಪ್ರಶ್ನೆಪತ್ರಿಕೆಯನ್ನು ಬರೆದು ಉತ್ತರಿಸುವುದು, ಇವು ಬಾಹ್ಯ ಬಲಗಳೇ. ಆದರೆ ಇವನ್ನು ಹೂಡಿದವರು ನೀವೇ ಆದುದರಿಂದ ಇವು ನಿಮ್ಮ ಲಯಕ್ಕೆ ಅಡ್ಡಬಾರವು.

ವಾಚಕರು ತಮ್ಮ ಮೇಲೆಯೇ ಒಂದು ಪ್ರಯೋಗವನ್ನು ಮಾಡಿ ನೋಡಬಹುದು. ಹದಿನೈದು ದಿನಗಳ ಕಾಲ ಒಂದು ನೋಟುಪುಸ್ತಕದಲ್ಲಿ ಪ್ರತಿಯೊಂದು ಪಾಠದ ಎದುರಿಗೆ ಎರಡು ಸಾಲು ಬರೆಯಿರಿ: ‘ಇದನ್ನು ಇಂದು ಏಕೆ ಓದಿದೆ?’, ‘ಕೊನೆಯಲ್ಲಿ ಯಾವ ಪ್ರಶ್ನೆ ಉಳಿಯಿತು?’. ಮೊದಲ ಸಾಲಿನಲ್ಲಿ ಪ್ರತಿದಿನವೂ ‘ಪರೀಕ್ಷೆಗಾಗಿ’ ಎಂದೇ ಬಂದರೆ ನಿರಾಶರಾಗಬೇಕಾದುದಿಲ್ಲ. ಎರಡನೆಯ ಸಾಲು ಖಾಲಿ ಬಿಡದಂತೆ ನೋಡಿಕೊಳ್ಳಿ. ಅಲ್ಲಿ ಉಳಿದ ಪ್ರಶ್ನೆಯೇ ಮರುದಿನ ನಿಮ್ಮನ್ನು ಮತ್ತೆ ಪಾಠದ ಮುಂದೆ ಕುಳ್ಳಿರಿಸುತ್ತದೆ.